ಆಟಿಯಲ್ಲಿ ಗಟ್ಟಿಯಾದ ಕೋಲೀನ್ ಪುಡಿ

ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಪುಡಿ ಇರಲಿಲ್ಲ. ಹಳೆ ಬೆಲ್ಲದ ಹಾಗೆ ಒಂದು ಮುದ್ದೆ ಇತ್ತು. ಮೇ ತಿಂಗಳಲ್ಲಿ ಕೊಂಡಾಗ ಅದು ಒಣ ಹಿಟ್ಟಿನ ಹಾಗೆ ಉದುರುತ್ತಿತ್ತು. ಈಗ ಆಟಿ, ತುಳುನಾಡಿನ ಜೋರು ಮಳೆಯ ತಿಂಗಳು. ಉಡುಪಿಯಲ್ಲಿ ಎರಡು ವಾರದಿಂದ ಬಿಡದೆ ಮಳೆ. ಅಮ್ಮ ಡಬ್ಬಿಯನ್ನು ಮೂಗಿನ ಹತ್ತಿರ ತಂದು, ಕೂಡಲೇ ದೂರ ಹಿಡಿದರು.

"ಎಂತ ಮಗಾ ಇದು? ಮೀನಿನ ವಾಸನೆ ಬರ್ತದೆ!"

ಡಬ್ಬಿಯಲ್ಲಿ ಇದ್ದದ್ದು ಕೋಲೀನ್, ನೆನಪಿಗೆ ಒಳ್ಳೆಯದು ಎಂದು ಜನ ಕೊಳ್ಳುವ ಒಂದು ಪೋಷಕಾಂಶ. ಅಮ್ಮನ ಮೂಗು ಸರಿಯಾಗಿಯೇ ಹೇಳಿತ್ತು. ಕೋಲೀನ್ ಲವಣಗಳು ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ತೇವ ಹಿಡಿದ ಮೇಲೆ ಅವಕ್ಕೆ ಸಣ್ಣಗೆ ಮೀನಿನ ವಾಸನೆ ಬರುತ್ತದೆ. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಅಮ್ಮನಿಗೆ ಕೊಡಬೇಕೆಂದು ತಂದ ಪುಡಿಗೇ ಈ ವಾಸನೆ. ಆ ಡಬ್ಬಿ ನಮ್ಮ ಮನೆಗೆ ಯಾಕೆ ಬಂತು, ಯಾಕೆ ಹಾಗೇ ಉಳಿಯಿತು ಎಂದು ಬರೆಯಬೇಕು ಅನಿಸಿತು. ವಯಸ್ಸಾದ ಅಪ್ಪ ಅಮ್ಮ ಇರುವ ಎಷ್ಟೋ ಮನೆಗಳಲ್ಲಿ ಈಗ ಇದೇ ಹುಡುಕಾಟ ನಡೆಯುತ್ತಿದೆ ಎಂದು ನನಗೆ ಗೊತ್ತು.

ಅಮ್ಮನಿಗೆ 71 ವರ್ಷ. ಉಡುಪಿಯ ಕುಂಜಿಬೆಟ್ಟಿನಲ್ಲಿ ಇದ್ದಾರೆ. ನಾನು ಮಂಗಳೂರಿನ ಬಿಜೈಯಲ್ಲಿ. ಅಣ್ಣ ಮಸ್ಕತ್‌ನಲ್ಲಿ. ಈ ವರ್ಷದ ಶುರುವಿನಿಂದ ಅಮ್ಮನ ಮರೆವು ಜಾಸ್ತಿಯಾಯಿತು. ಹಾಲು ಉಕ್ಕಿ ಒಲೆ ಆರಿದ್ದು ಗೊತ್ತಾಗುತ್ತಿರಲಿಲ್ಲ. ಫೋನಿನಲ್ಲಿ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳುತ್ತಿದ್ದರು. ಒಂದು ದಿನ ರಥಬೀದಿಯಲ್ಲಿ ಯಾವ ಕಡೆ ಹೋಗಬೇಕೆಂದು ತಿಳಿಯದೆ ನಿಂತುಬಿಟ್ಟರಂತೆ. ಐವತ್ತು ವರ್ಷದಿಂದ ನಡೆದ ಬೀದಿ ಅದು. ನನ್ನ ಹತ್ತಿರ ಹೇಳುವಾಗ ಅವರ ದನಿ ಸಣ್ಣದಾಗಿತ್ತು.

ಅಣ್ಣ ಯಾರದೋ ಹತ್ತಿರ ಕೇಳಿ ಫೋನ್ ಮಾಡಿದ. "ಕೋಲೀನ್ ಅಂತ ಉಂಟಂತೆ, ಮೆದುಳಿಗೆ ಒಳ್ಳೇದಂತೆ. ಅಲ್ಲಿ ಕಮ್ಮಿ ರೇಟಿಗೆ ಯಾವುದು ಸಿಗ್ತದೆ ನೋಡು," ಅಂದ. ನಾನು ಅಂದು ರಾತ್ರಿಯೇ ನೋಟ್‌ಬುಕ್ ಹಿಡಿದು ಕೂತೆ. ಏನಾದರೂ ಮಾಡಬೇಕು ಎನ್ನುವ ಆತುರ ಇತ್ತು. ಕೊಂಡು ತರುವಂಥದ್ದು ಸಿಕ್ಕರೆ ಮನಸ್ಸಿಗೆ ಎಷ್ಟು ಸಮಾಧಾನ, ಅಲ್ವಾ?

ಮೊದಲು ಕೋಲೀನ್ ಎಂದರೆ ಎಂತದು ಎಂದು ತಿಳಿದುಕೊಂಡೆ. 1862ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಅಡಾಲ್ಫ್ ಸ್ಟ್ರೆಕರ್ ಪ್ರಾಣಿಗಳ ಪಿತ್ತರಸದಲ್ಲಿ ಸಿಕ್ಕ ವಸ್ತುವಿಗೆ ಈ ಹೆಸರಿಟ್ಟರು. ಗ್ರೀಕ್‌ನಲ್ಲಿ ಪಿತ್ತಕ್ಕೆ ಇರುವ ಪದದಿಂದ ಬಂದ ಹೆಸರು. ನಮ್ಮ ಲಿವರ್ ಇದನ್ನು ಸ್ವಲ್ಪ ತಾನೇ ತಯಾರಿಸುತ್ತದೆ. ಆದರೆ ಅದು ಸಾಲುವುದಿಲ್ಲ. ಹಾಗಾಗಿ 1998ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಇದನ್ನು ಊಟದಿಂದ ಸಿಗಲೇಬೇಕಾದ ಪೋಷಕಾಂಶ ಎಂದು ಒಪ್ಪಿಕೊಂಡಿತು. ದಿನಕ್ಕೆ ಗಂಡಸರಿಗೆ 550 ಮಿಲಿಗ್ರಾಂ, ಹೆಂಗಸರಿಗೆ 425, ಬಸುರಿಯರಿಗೆ 450, ಹಾಲುಣಿಸುವವರಿಗೆ 550 ಎಂದು ಅಂದಾಜು ಹಾಕಿತು. ಹೆಂಗಸರ ಹಾರ್ಮೋನಾದ ಈಸ್ಟ್ರೊಜನ್ ಇರುವಾಗ ಲಿವರ್ ಕೋಲೀನನ್ನು ಜಾಸ್ತಿ ತಯಾರಿಸುತ್ತದೆ. ಮುಟ್ಟು ನಿಂತ ಮೇಲೆ ಆ ಸಹಾಯ ಕಡಿಮೆಯಾಗುತ್ತದೆ. ಇದನ್ನು ಓದಿದಾಗ ನನಗೆ ಅಮ್ಮನದೇ ನೆನಪು.

ದೇಹದ ಪ್ರತಿ ಜೀವಕೋಶದ ಹೊರಪದರಕ್ಕೂ ಕೋಲೀನ್ ಬೇಕು. ಲಿವರ್‌ನಿಂದ ಕೊಬ್ಬು ಹೊರಗೆ ಸಾಗಲೂ ಬೇಕು. ಅದು ಕಮ್ಮಿಯಾದರೆ ಮೊದಲು ಕೆಡುವುದು ಲಿವರ್. ಮೆದುಳಿನ ವಿಷಯ ಬರುವುದು ಅಸಿಟೈಲ್‌ಕೋಲೀನ್ ಮೂಲಕ. ಒಂದು ನರದಿಂದ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ರಾಸಾಯನಿಕ ಅದು. ನೆನಪಿಗೂ ಗಮನಕ್ಕೂ ಅದರ ಕೆಲಸ ದೊಡ್ಡದು.

ಅದರ ಕತೆ ನನಗೆ ತುಂಬ ಇಷ್ಟವಾಯಿತು. ಆಸ್ಟ್ರಿಯಾದ ಗ್ರಾಝ್‌ನಲ್ಲಿದ್ದ ಓಟೊ ಲೊವಿ ಎಂಬ ವಿಜ್ಞಾನಿಗೆ ಒಂದು ರಾತ್ರಿ ಕನಸಿನಲ್ಲಿ ಪ್ರಯೋಗವೊಂದು ಹೊಳೆಯಿತು. ಎದ್ದು ಚೀಟಿಯಲ್ಲಿ ಗೀಚಿ ಮಲಗಿದರು. ಬೆಳಗ್ಗೆ ನೋಡಿದರೆ ತನ್ನ ಅಕ್ಷರ ತನಗೇ ಓದಲಾಗಲಿಲ್ಲ, ಕನಸೂ ನೆನಪಿಲ್ಲ. ಮಾರನೆಯ ರಾತ್ರಿ ಅದೇ ಕನಸು ಮತ್ತೆ ಬಿತ್ತು. ಈ ಸಲ ಕಾಯದೆ ಸೀದಾ ಲ್ಯಾಬಿಗೆ ಹೋದರು. ಒಂದು ಕಪ್ಪೆಯ ಹೃದಯದ ನರವನ್ನು ಕೆಣಕಿದರು. ಅದರ ಬಡಿತ ನಿಧಾನವಾಯಿತು. ಅದು ಮುಳುಗಿದ್ದ ದ್ರವವನ್ನು ತೆಗೆದು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದರು. ಅದೂ ನಿಧಾನವಾಯಿತು. ಅಂದರೆ ಸುದ್ದಿ ಸಾಗಿದ್ದು ಆ ದ್ರವದಲ್ಲಿದ್ದ ಯಾವುದೋ ವಸ್ತುವಿನಿಂದ. ಆ ವಸ್ತುವೇ ಅಸಿಟೈಲ್‌ಕೋಲೀನ್. 1921ರಲ್ಲಿ ಇದು ಪ್ರಕಟವಾಯಿತು. 1936ರಲ್ಲಿ ಲೊವಿಗೂ ಹೆನ್ರಿ ಡೇಲ್‌ಗೂ ನೊಬೆಲ್ ಬಂತು.

ಇನ್ನು ಅಂಗಡಿಯ ಮಾತು. ಮಂಗಳೂರಿನ ಹಂಪನಕಟ್ಟೆಯ ಮೆಡಿಕಲ್‌ಗಳಲ್ಲೂ ಆನ್‌ಲೈನ್‌ನಲ್ಲೂ ಕೋಲೀನ್ ಬೇರೆ ಬೇರೆ ವೇಷದಲ್ಲಿ ಸಿಗುತ್ತದೆ. ಡಬ್ಬಿಯ ಎದುರು ದೊಡ್ಡದಾಗಿ ಬರೆದ ತೂಕ ಹೆಚ್ಚಾಗಿ ಇಡೀ ಸಂಯುಕ್ತದ್ದು, ಅದರೊಳಗಿನ ಕೋಲೀನಿನದ್ದಲ್ಲ. ಇದು ಗೊತ್ತಿಲ್ಲದೆ ಬೆಲೆ ಹೋಲಿಸಿದರೆ ಲೆಕ್ಕವೆಲ್ಲ ತಪ್ಪುತ್ತದೆ. ನಾನು ಮೊದಲ ದಿನ ಮಾಡಿದ ಲೆಕ್ಕ ಹಾಗೆಯೇ ತಪ್ಪಿತ್ತು.

ಕೋಲೀನ್ ಬೈಟಾರ್ಟ್ರೇಟ್ ಎಲ್ಲಕ್ಕಿಂತ ಸಾದಾ. ಕೋಲೀನನ್ನು ಟಾರ್ಟಾರಿಕ್ ಆಮ್ಲದ ಜೊತೆ ಸೇರಿಸಿ ಮಾಡಿದ ಲವಣ. ನಮ್ಮ ಹುಣಸೆಹುಳಿಗೆ ಹುಳಿ ಕೊಡುವ ಆಮ್ಲವೂ ಅದೇ. ಇದರಲ್ಲಿ ನೂರಕ್ಕೆ ಸುಮಾರು 41 ಪಾಲು ಕೋಲೀನ್. ಅಂದರೆ 1 ಗ್ರಾಂ ಪುಡಿಯಲ್ಲಿ ಸುಮಾರು 400 ಮಿಲಿಗ್ರಾಂ. ಆಲ್ಫಾ ಜಿಪಿಸಿ, ಸಿಟಿಕೋಲಿನ್ ಎಂಬವು ಕೋಲೀನ್ ಇರುವ ಇನ್ನೆರಡು ಸಂಯುಕ್ತಗಳು. ಆಲ್ಫಾ ಜಿಪಿಸಿಯಲ್ಲಿ ಸುಮಾರು 40 ಪಾಲು. ಸಿಟಿಕೋಲಿನ್‌ನಲ್ಲಿ 20ರ ಆಸುಪಾಸು. ಲೆಸಿಥಿನ್ ಸೋಯಾದಿಂದಲೋ ಸೂರ್ಯಕಾಂತಿಯಿಂದಲೋ ಬರುವ ಎಣ್ಣೆಯಂಥ ಮಿಶ್ರಣ. 1200 ಮಿಲಿಗ್ರಾಂನ ಒಂದು ಕ್ಯಾಪ್ಸೂಲಿನಲ್ಲಿ ಮೂರನೇ ಒಂದು ಪಾಲು ಫಾಸ್ಫಟೈಡಿಲ್‌ಕೋಲೀನ್ ಎಂಬ ಕೋಲೀನ್ ಸೇರಿದ ಕೊಬ್ಬು ಇದ್ದರೂ, ಕೊನೆಗೆ ಕೈಗೆ ಸಿಗುವ ಕೋಲೀನ್ 50 ಮಿಲಿಗ್ರಾಂ ಅಷ್ಟೆ. ಕೋಲೀನ್ ಕ್ಲೋರೈಡ್ ಅಂತಲೂ ಒಂದಿದೆ. ಅದರಲ್ಲಿ ಕೋಲೀನ್ ಜಾಸ್ತಿ, ಬೆಲೆ ತೀರಾ ಕಡಿಮೆ. ಆದರೆ ಅಷ್ಟು ಅಗ್ಗಕ್ಕೆ ಸಿಗುವುದು ಕೋಳಿ ಫಾರಂಗಳ ಆಹಾರಕ್ಕೆ ಬೆರೆಸುವಂಥದ್ದು. ಅಗ್ಗ ಎಂದು ಮನುಷ್ಯರು ಅದನ್ನು ಖಂಡಿತ ತಿನ್ನಬಾರದು.

ನಾನು ನೋಡಿದ ದಿನದ ಬೆಲೆಗಳನ್ನು 100 ಮಿಲಿಗ್ರಾಂ ಕೋಲೀನಿಗೆ ಎಷ್ಟು ಬೀಳುತ್ತದೆ ಎಂದು ಲೆಕ್ಕ ಹಾಕಿದೆ. ಅಂಗಡಿ ಬದಲಾದರೆ ಅಂಕಿಯೂ ಬದಲಾಗುತ್ತದೆ. ಆದರೆ ಯಾವುದು ಅಗ್ಗ, ಯಾವುದು ದುಬಾರಿ ಎನ್ನುವುದು ಹೆಚ್ಚು ಕಮ್ಮಿ ಹಾಗೇ ಇರುತ್ತದೆ. 100 ಗ್ರಾಂ ಬೈಟಾರ್ಟ್ರೇಟ್ ಪುಡಿಗೆ 750 ರೂಪಾಯಿ ಕೊಟ್ಟಿದ್ದೆ. 100 ಮಿಲಿಗ್ರಾಂ ಕೋಲೀನಿಗೆ ಎರಡು ರೂಪಾಯಿಗೂ ಕಮ್ಮಿ ಬಿತ್ತು. ಅದನ್ನೇ ಕ್ಯಾಪ್ಸೂಲಿನಲ್ಲಿ ತೆಗೆದುಕೊಂಡರೆ ಮೂರು ನಾಲ್ಕು ಪಟ್ಟು. ಲೆಸಿಥಿನ್ 16 ರೂಪಾಯಿ. ಆಲ್ಫಾ ಜಿಪಿಸಿ 25. ಸಿಟಿಕೋಲಿನ್ 40 ದಾಟಿತು. ಪಕ್ಕದಲ್ಲೇ ಸುಮ್ನೆ ಮೊಟ್ಟೆಯನ್ನೂ ಬರೆದೆ. ಒಂದು ದೊಡ್ಡ ಮೊಟ್ಟೆಯಲ್ಲಿ ಸುಮಾರು 147 ಮಿಲಿಗ್ರಾಂ ಇದೆ, ಹೆಚ್ಚುಕಡಿಮೆ ಎಲ್ಲ ಹಳದಿಯಲ್ಲೇ. ಮೊಟ್ಟೆಗೆ ಏಳು ರೂಪಾಯಿ ಎಂದರೆ 100 ಮಿಲಿಗ್ರಾಂಗೆ ಐದು ರೂಪಾಯಿಯೂ ಆಗುವುದಿಲ್ಲ. ಅದರ ಜೊತೆ ಪ್ರೋಟೀನ್, ಬಿ12 ಬೇರೆ. ಮೊಟ್ಟೆ ತಿನ್ನುವ ಮನೆಯವರು ಕೋಲೀನ್ ಡಬ್ಬಿ ಕೊಳ್ಳುವ ಮುಂಚೆ ಇದನ್ನು ಒಂದು ಸಲ ಯೋಚಿಸಬೇಕು.

ಬಿಜೈಯಲ್ಲಿ ನಮ್ಮ ಪಕ್ಕದ ಮನೆಯ ಅಕ್ಕನಿಗೆ ಈ ಚಿಂತೆಯೇ ಇಲ್ಲ. ಅವರಲ್ಲಿ ವಾರಕ್ಕೆ ನಾಲ್ಕು ದಿನ ಬಂಗುಡೆ, ಬೂತಾಯಿ, ಇಲ್ಲವೇ ಸಿಗಡಿ. ಮೀನಿನಲ್ಲೂ ಕೋಳಿಯಲ್ಲೂ ಕೋಲೀನ್ ಚೆನ್ನಾಗಿದೆ. ಮೀನಿನ ವಾಸನೆಯ ವಿಷಯ ಹೇಳಿದಾಗ ಅವರು ನಕ್ಕು, "ಅದಕ್ಕೇ ಅಲ್ವಾ ಪುಳಿಮುಂಚಿಗೆ ಅಷ್ಟು ಹುಳಿ ಹಾಕುದು," ಅಂದರು. ಪುಳಿಮುಂಚಿ ಎಂದರೆ ಹುಳಿ ಖಾರದ ಮೀನಿನ ಸಾರು. ಅವರ ಮಾತಿನಲ್ಲಿ ಒಳ್ಳೆ ರಸಾಯನಶಾಸ್ತ್ರ ಇದೆ. ಮೀನಿಗೆ ಆ ವಾಸನೆ ಬರುವುದು ಟ್ರೈಮಿಥೈಲಮಿನ್ ಎಂಬ ವಸ್ತುವಿನಿಂದ. ಹುಳಿ ಸೇರಿದರೆ ಅದು ಲವಣವಾಗಿ ಕೂತುಬಿಡುತ್ತದೆ, ಗಾಳಿಗೆ ಏಳುವುದಿಲ್ಲ. ನಾವು ಕೋಲೀನ್ ಜಾಸ್ತಿ ತಿಂದರೆ ಕರುಳಿನ ಬ್ಯಾಕ್ಟೀರಿಯಾಗಳೂ ಅದರಿಂದ ಇದೇ ಟ್ರೈಮಿಥೈಲಮಿನ್ ಮಾಡುತ್ತವೆ. ಅತಿ ದೊಡ್ಡ ಪ್ರಮಾಣದಲ್ಲಿ ಸಪ್ಲಿಮೆಂಟ್ ತಿಂದವರ ಬೆವರಿಗೆ ಮೀನಿನ ವಾಸನೆ ಬರುವುದು ಹೀಗೆ. ವಾಂತಿ, ಬಿಪಿ ಇಳಿಯುವುದು ಕೂಡ ಆಗಬಹುದು. ದೊಡ್ಡವರಿಗೆ ದಿನಕ್ಕೆ 3500 ಮಿಲಿಗ್ರಾಂ ದಾಟಬಾರದು ಎಂಬ ಮಿತಿ ಇಟ್ಟದ್ದು ಇದಕ್ಕೇ. ಆ ಟ್ರೈಮಿಥೈಲಮಿನ್ ಲಿವರ್‌ನಲ್ಲಿ ಟಿಎಂಎಒ ಎಂಬ ಇನ್ನೊಂದು ವಸ್ತುವಾಗುತ್ತದೆ. ರಕ್ತದಲ್ಲಿ ಅದು ಜಾಸ್ತಿ ಇರುವವರಲ್ಲಿ ಹೃದಯದ ಕಾಯಿಲೆಯೂ ಜಾಸ್ತಿ ಕಂಡಿದೆ. ಹೃದಯ, ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಇದನ್ನು ಶುರು ಮಾಡಬೇಡಿ.

ಅಮ್ಮನಿಗೆ ಮೊಟ್ಟೆಯ ಮಾತೇ ಇಲ್ಲ. ಅದರ ಬಗ್ಗೆ ನಾನು ವಾದವನ್ನೂ ಮಾಡುವುದಿಲ್ಲ. ಅವರ ತಟ್ಟೆಯನ್ನೇ ಲೆಕ್ಕ ಮಾಡಿದೆ. ಎರಡು ಲೋಟ ಹಾಲು ಮಜ್ಜಿಗೆ ಸೇರಿ 80. ಅರ್ಧ ಕಪ್ ಬೇಯಿಸಿದ ಕಾಳಿಗೆ 45. ಒಂದು ಬಟಾಟೆ, ಒಂದು ಹಿಡಿ ನೆಲಗಡಲೆ, ಅನ್ನ, ತರಕಾರಿ ಎಲ್ಲ ಸೇರಿ 100. ಒಟ್ಟು 225ರ ಹತ್ತಿರ. 425ರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಮೊದಲ ಸಲ ಈ ಅಂಕಿ ನೋಡಿ ಗಾಬರಿಯಾದೆ. ಮರುದಿನವೇ ಪುಡಿ ಕೊಂಡೆ.

ಆಮೇಲೆ ಇನ್ನೂ ಓದಿದೆ. ಆ 425 ಒಂದು ಅಂದಾಜು. ಗಂಡಸರಲ್ಲಿ ಲಿವರ್ ಕೆಡದಿರಲು ಎಷ್ಟು ಬೇಕು ಎಂದು ನೋಡಿ, ಅದರ ಆಧಾರದ ಮೇಲೆ ಹಾಕಿದ ಅಂಕಿ. ಮೊಟ್ಟೆ ಮಾಂಸ ತಿನ್ನುವ ಅಮೆರಿಕದಲ್ಲೂ ಹೆಚ್ಚಿನವರು ಅಷ್ಟು ತಿನ್ನುವುದಿಲ್ಲ. ಆದರೂ ಆರೋಗ್ಯವಂತರಲ್ಲಿ ಕೋಲೀನ್ ಕೊರತೆಯ ಕಾಯಿಲೆ ಅಪರೂಪ. ಅರ್ಧ ಕಪ್ ಹುರಿದ ಸೋಯಾ ಕಾಳಿನಲ್ಲಿ 107 ಮಿಲಿಗ್ರಾಂ ಇದೆ. ದಿನದ ಕಾಳಿನ ಬದಲು ಎರಡು ಮೂರು ದಿನಕ್ಕೊಮ್ಮೆ ಅದನ್ನು ಹಾಕಿದರೂ ತಟ್ಟೆಯ ಲೆಕ್ಕ ಸ್ವಲ್ಪ ಸುಧಾರಿಸುತ್ತದೆ.

ಹಾಗಾದರೆ ಸಪ್ಲಿಮೆಂಟ್ ತಿಂದರೆ ನೆನಪು ಬರುತ್ತದಾ? ನನಗೆ ಬೇಕಾಗಿದ್ದದ್ದು ಇದರ ಉತ್ತರ. ಜಾಸ್ತಿ ಕೋಲೀನ್ ತಿನ್ನುವವರ ನೆನಪು ಸ್ವಲ್ಪ ಚೆನ್ನಾಗಿರುವುದನ್ನು ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅಧ್ಯಯನ 2011ರಲ್ಲಿ ಸುಮಾರು 1400 ಜನರಲ್ಲಿ ಕಂಡಿತು. ಫಿನ್‌ಲೆಂಡಿನಲ್ಲಿ ಸುಮಾರು 2500 ಗಂಡಸರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೂ 2019ರಲ್ಲಿ ಇಂಥದ್ದೇ ಮಾತು ಹೇಳಿತು. ಆದರೆ ಎರಡೂ ಊಟದ ಕೋಲೀನಿನ ಕುರಿತು. ಚೆನ್ನಾಗಿ ಊಟ ಮಾಡುವವರಿಗೆ ಬೇರೆ ಅನುಕೂಲಗಳೂ ಇರುತ್ತವೆ.

ಮಾತ್ರೆಯಾಗಿ ಕೊಟ್ಟು ನೋಡಿದ ಕಡೆ ಕತೆ ಬೇರೆ. ಅಲ್ಝೈಮರ್ ಎಂಬ ಮರೆವಿನ ಕಾಯಿಲೆ ಇದ್ದವರ ಮೆದುಳಿನಲ್ಲಿ ಅಸಿಟೈಲ್‌ಕೋಲೀನ್ ಕಡಿಮೆಯಾಗಿರುತ್ತದೆ ಎಂದು 1970ರ ದಶಕದಲ್ಲಿ ಗೊತ್ತಾಯಿತು. ಕಚ್ಚಾ ಸಾಮಾನು ಜಾಸ್ತಿ ಕೊಟ್ಟರೆ ಸರಿಯಾದೀತು ಎಂದು ಕೋಲೀನನ್ನೂ ಲೆಸಿಥಿನ್ನನ್ನೂ ಕೊಟ್ಟು ನೋಡಿದರು. ಲೆಸಿಥಿನ್‌ನ ಪ್ರಯೋಗಗಳನ್ನೆಲ್ಲ ಒಟ್ಟುಮಾಡಿ ನೋಡಿದ ಕಾಕ್ರೇನ್ ವಿಮರ್ಶೆಗೆ ಡಿಮೆನ್ಶಿಯಾದಲ್ಲಿ, ಅಂದರೆ ಇಂಥ ಮರೆವಿನ ಕಾಯಿಲೆಗಳಲ್ಲಿ, ಪ್ರಯೋಜನ ಕಾಣಲಿಲ್ಲ. ಮೆದುಳು ರಕ್ತದಿಂದ ಕೋಲೀನನ್ನು ಅಳತೆಯಲ್ಲೇ ಒಳಗೆ ಬಿಡುತ್ತದೆ. ಒಳಗೂ ಅದು ಬಹಳ ಜೋಪಾನಿ. ಸುದ್ದಿ ಮುಟ್ಟಿದ ಕೂಡಲೇ ಒಂದು ಕಿಣ್ವ ಅಸಿಟೈಲ್‌ಕೋಲೀನನ್ನು ಒಡೆಯುತ್ತದೆ. ನರ ಆ ಕೋಲೀನನ್ನು ಮತ್ತೆ ಹೆಕ್ಕಿ ಒಳಗೆ ತೆಗೆದುಕೊಳ್ಳುತ್ತದೆ. ಹಾಗಾಗಿ ಹೊರಗಿನಿಂದ ಸುರಿದಷ್ಟೂ ಕೆಲಸ ಹೆಚ್ಚುವುದಿಲ್ಲ. ಇದನ್ನು ತಿಳಿದವರು ದಾರಿ ಬದಲಿಸಿ ಆ ಕಿಣ್ವವನ್ನೇ ತಡೆಯುವ ಔಷಧಿ ಮಾಡಿದರು. 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ ಡೊನೆಪೆಝಿಲ್ ಅಂಥದ್ದು. ಈಗಲೂ ಡಾಕ್ಟರುಗಳು ಬರೆಯುತ್ತಾರೆ.

ಸಿಟಿಕೋಲಿನ್ ನಮ್ಮಲ್ಲಿ ಪಾರ್ಶ್ವವಾಯು ಆದವರಿಗೆ ಡಾಕ್ಟರು ಬರೆಯುವ ಮಾತ್ರೆ. ಆದರೆ 2012ರಲ್ಲಿ ಬಂದ ಎರಡು ದೊಡ್ಡ ಪ್ರಯೋಗಗಳಲ್ಲಿ ಅದು ಸೋತಿತು. ಒಂದು ಪಾರ್ಶ್ವವಾಯು ಆದ 2298 ಜನರಲ್ಲಿ, ಇನ್ನೊಂದು ತಲೆಗೆ ಪೆಟ್ಟಾದ 1213 ಜನರಲ್ಲಿ. ಎರಡರಲ್ಲೂ ಹೋಲಿಕೆಗೆಂದು ಕೊಡುವ ಔಷಧಿಯಿಲ್ಲದ ಸುಳ್ಳು ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡಲಿಲ್ಲ. 2021ರಲ್ಲಿ ಮರೆವು ಇದ್ದ 100 ಹಿರಿಯರಿಗೆ 12 ವಾರ ದಿನಕ್ಕೆ 500 ಮಿಲಿಗ್ರಾಂ ಕೊಟ್ಟ ಪ್ರಯೋಗದಲ್ಲಿ ನೆನಪು ಸ್ವಲ್ಪ ಸುಧಾರಿಸಿತು. ಅದು ಸಿಟಿಕೋಲಿನ್ ತಯಾರಿಸುವ ಕಂಪನಿಯ ಹಣದಲ್ಲಿ ನಡೆದದ್ದು. ಅಷ್ಟರಿಂದಲೇ ಅದು ಸುಳ್ಳಾಗುವುದಿಲ್ಲ. ಆದರೆ ತಿಂಗಳಿಗೆ ಸಾವಿರಕ್ಕಿಂತ ಜಾಸ್ತಿ ಖರ್ಚು ಮಾಡುವಷ್ಟು ನಂಬಿಕೆ ನನಗೆ ಬರಲಿಲ್ಲ. ಆಲ್ಫಾ ಜಿಪಿಸಿಯನ್ನು ನಾನು ಪಟ್ಟಿಯಿಂದಲೇ ತೆಗೆದೆ. ಕೊರಿಯಾದಲ್ಲಿ 50 ದಾಟಿದ ಸುಮಾರು 1.2 ಕೋಟಿ ಜನರ ದಾಖಲೆ ನೋಡಿದಾಗ, ಅದನ್ನು ತಿಂದವರಲ್ಲಿ ಹತ್ತು ವರ್ಷದೊಳಗೆ ಪಾರ್ಶ್ವವಾಯು ಜಾಸ್ತಿ ಕಂಡಿತ್ತು. ಅದೇ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೂ ಬಿಪಿ ಇರುವ ಅಮ್ಮನ ವಿಷಯದಲ್ಲಿ ನನಗೆ ಅಷ್ಟು ಸಾಕಾಯಿತು.

ಪುಡಿ ಶುರು ಮಾಡುವ ಮುಂಚೆ ಒಂದು ಸಲ ಡಾಕ್ಟರನ್ನು ಕೇಳೋಣ ಎಂದು ಅಮ್ಮನನ್ನು ಕರೆದುಕೊಂಡು ಹೋದೆ. ಡಾಕ್ಟರು ಮೂರು ಪದ ಹೇಳಿ, ಗಡಿಯಾರದ ಚಿತ್ರ ಬರೆಸಿ, ಆಮೇಲೆ ಆ ಪದಗಳನ್ನು ಕೇಳಿದರು. ಅಮ್ಮನಿಗೆ ಒಂದು ನೆನಪಿತ್ತು. ನಾನು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದೆ. ಡಾಕ್ಟರು ನನ್ನ ಡಬ್ಬಿ ತಿರುಗಿಸಿ ನೋಡಿ ಪಕ್ಕಕ್ಕಿಟ್ಟು, "ಇದನ್ನು ಆಮೇಲೆ ನೋಡುವ. ಈಗ ಇವರು ಎಂತೆಂತ ಮಾತ್ರೆ ತಗೊಳ್ತಾರೆ, ಎಲ್ಲ ತೆಗೀರಿ," ಅಂದರು.

ಅಮ್ಮನ ಚೀಲದಿಂದ ಬಿಪಿ ಮಾತ್ರೆ ಬಂತು. ನಾಲ್ಕು ವರ್ಷದಿಂದ ದಿನಾ ತೆಗೆದುಕೊಳ್ಳುತ್ತಿದ್ದ ಗ್ಯಾಸ್ ಮಾತ್ರೆ, ಪ್ಯಾಂಟೊಪ್ರಝೋಲ್, ಬಂತು. ಕೊನೆಗೆ ತುರಿಕೆಯ ಮಾತ್ರೆ, ಹೈಡ್ರಾಕ್ಸಿಝಿನ್. ಕಳೆದ ದೀಪಾವಳಿಯ ಹೊತ್ತಿಗೆ ಮೈ ತುರಿಕೆಗೆಂದು ಹತ್ತು ದಿನಕ್ಕೆ ಬರೆದುಕೊಟ್ಟದ್ದು. ತಿಂದರೆ ಒಳ್ಳೆ ನಿದ್ದೆ ಬರುತ್ತದೆ ಎಂದು ಅಮ್ಮ ಬಿಡಲೇ ಇಲ್ಲ. ಹಳೆ ಸ್ಟ್ರಿಪ್ ತೋರಿಸಿದರೆ ಮೆಡಿಕಲ್‌ನಲ್ಲಿ ಕೊಡುತ್ತಿದ್ದರು. ಚೀಟಿ ಯಾರೂ ಕೇಳಲಿಲ್ಲ. ಏಳು ತಿಂಗಳು ಪ್ರತಿ ರಾತ್ರಿ ಒಂದೊಂದು.

ಆ ಮಾತ್ರೆ ಅಸಿಟೈಲ್‌ಕೋಲೀನಿನ ಕೆಲಸಕ್ಕೆ ಅಡ್ಡ ಬರುತ್ತದೆ ಎಂದು ಡಾಕ್ಟರು ಹೇಳಿದಾಗ ನನ್ನ ಮೈ ಝುಮ್ಮೆಂದಿತು. ಯಾವುದನ್ನು ಹೆಚ್ಚಿಸಬೇಕೆಂದು ವಾರಗಟ್ಟಲೆ ಲೆಕ್ಕ ಹಾಕಿದ್ದೆನೋ, ಅದರ ಬಾಗಿಲನ್ನೇ ಪ್ರತಿ ರಾತ್ರಿ ಮುಚ್ಚುತ್ತಿದ್ದ ಮಾತ್ರೆ ಮನೆಯಲ್ಲೇ ಇತ್ತು. ಅಮ್ಮನಿಗೆ ಬಾಯಿ ಒಣಗುತ್ತಿತ್ತು, ಮಲಬದ್ಧತೆ ಇತ್ತು. ನಾವು ಸೆಕೆಯಿಂದ ಎಂದುಕೊಂಡಿದ್ದೆವು. ಅವೂ ಇದರದ್ದೇ ಗುರುತುಗಳು.

ದಯವಿಟ್ಟು ನಿಮ್ಮ ಮನೆಯ ಹಿರಿಯರ ಮಾತ್ರೆ ಡಬ್ಬಿಯನ್ನು ಇವತ್ತೇ ನೋಡಿ. ಶೀತದ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮಿನ್, ಡೈಫೆನ್‌ಹೈಡ್ರಮಿನ್, ನೋವಿಗೂ ನಿದ್ದೆಗೂ ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರದ ತೊಂದರೆಗೆ ಕೊಡುವ ಆಕ್ಸಿಬ್ಯುಟಿನಿನ್, ಇವೆಲ್ಲ ಇದೇ ಗುಂಪಿನವು. ಕೆಲವರಿಗೆ ಬೇಕೇ ಬೇಕಾಗಿರುತ್ತವೆ. ಹಾಗಾಗಿ ನೀವಾಗಿಯೇ ನಿಲ್ಲಿಸಬೇಡಿ. ಹೆಸರು ಬರೆದುಕೊಂಡು ಹೋಗಿ ಡಾಕ್ಟರನ್ನು ಕೇಳಿ.

ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಸರಿ ಇತ್ತು. ಬಿ12 ತುಂಬ ಕಡಿಮೆ ಬಂತು. ಸಸ್ಯಾಹಾರ, ವಯಸ್ಸು, ಜೊತೆಗೆ ವರ್ಷಗಟ್ಟಲೆ ಗ್ಯಾಸ್ ಮಾತ್ರೆ, ಮೂರೂ ಸೇರಿತ್ತು. ಬಿ12 ಕಮ್ಮಿಯಾದರೂ ಮರೆವು ಬರುತ್ತದೆ. ಇಂಜೆಕ್ಷನ್ ಶುರುವಾಯಿತು. ತುರಿಕೆ ಮಾತ್ರೆ ನಿಂತಿತು. ಮೊದಲ ವಾರ ಅಮ್ಮನಿಗೆ ನಿದ್ದೆ ಬರಲಿಲ್ಲ, ಸಿಟ್ಟೂ ಬಂತು. ನಾನು ರಜೆ ಹಾಕಿ ಅಲ್ಲೇ ಇದ್ದೆ. ಮೂರನೇ ವಾರ ಬಾಯಿ ಒಣಗುವುದು ಕಡಿಮೆಯಾಯಿತು. ಈಗ ಮಾತಿನ ನಡುವೆ ತಡವರಿಸುವುದು ಕಮ್ಮಿ. ಹಾಲು ಉಕ್ಕುವ ಮೊದಲೇ ಒಲೆಯ ಹತ್ತಿರ ಬಂದು ನಿಲ್ಲುತ್ತಾರೆ. ಹೆಸರುಗಳು ಇನ್ನೂ ಮರೆಯುತ್ತವೆ. ಮೊನ್ನೆ ನನ್ನ ಚಿಕ್ಕಮ್ಮನ ಮಗಳ ಹೆಸರು ಹೇಳಲು ಹೋಗಿ ನಿಂತುಬಿಟ್ಟರು. ಎಲ್ಲ ಸರಿಯಾಯಿತು ಎಂದು ನಾನು ಹೇಳಲಾರೆ.

ಡಬ್ಬಿಯ ಬಗ್ಗೆ ಡಾಕ್ಟರನ್ನು ಮತ್ತೆ ಕೇಳಿದೆ. ಬೇಕಿದ್ದರೆ ದಿನಕ್ಕೆ 200 ಮಿಲಿಗ್ರಾಂ ಕೋಲೀನ್ ಸಿಗುವಷ್ಟು ಕೊಡಬಹುದು, ತೊಂದರೆ ಇಲ್ಲ, ಆದರೆ ನೆನಪಿಗಾಗಿ ಎಂದು ಕೊಡಬೇಡಿ, ಊಟದ ಕೊರತೆ ತುಂಬಲು ಎಂದು ಕೊಡಿ ಅಂದರು. ಹಾಗೆ ಕೊಳ್ಳುವವರಿಗೆ ನನ್ನ ಆಯ್ಕೆ ಬೈಟಾರ್ಟ್ರೇಟ್. ಆದರೆ ನಮ್ಮ ಕರಾವಳಿಯ ಮಳೆಗಾಲಕ್ಕೆ ಪುಡಿ ಬೇಡ. ಅರ್ಧ ಗ್ರಾಂ ಅಳೆಯಲು ಅಡುಗೆ ಮನೆಯ ತಕ್ಕಡಿಯಲ್ಲಿ ಆಗುವುದೂ ಇಲ್ಲ. ಜಾಸ್ತಿ ಕೊಟ್ಟಾದರೂ ಕ್ಯಾಪ್ಸೂಲ್ ತೆಗೆದುಕೊಳ್ಳಿ. ಸಸ್ಯಾಹಾರಿಗಳು ಹಸಿರು ಚುಕ್ಕೆ ನೋಡಿಯೇ ಕೊಳ್ಳಿ. ಕ್ಯಾಪ್ಸೂಲಿನ ಹೊರಕವಚ ಹಲವು ಸಲ ಪ್ರಾಣಿಗಳ ಜೆಲಾಟಿನ್‌ನದ್ದು. ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರು, ಎಕ್ಸ್‌ಪೈರಿ ತಾರೀಕು, ಒಂದು ಕ್ಯಾಪ್ಸೂಲಿನಲ್ಲಿ ಕೋಲೀನ್ ಮಾತ್ರ ಎಷ್ಟು ಎಂಬುದು, ಇಷ್ಟು ಸ್ಪಷ್ಟವಾಗಿ ಇಲ್ಲದಿದ್ದರೆ ಬೇಡ.

ಅಮ್ಮನಿಗೆ ಮಾತ್ರ ಅದೂ ಬೇಡವಂತೆ. "ಮೀನಿನ ವಾಸನೆ ಮೂಸಿದ ಮೇಲೆ ಎಂತಕ್ಕೆ? ಸೋಯಾ ಕಾಳು ಹಾಕಿ ಹುಳಿ ಮಾಡುವ," ಅಂದರು. ಮಾಡಿದರು ಕೂಡ, ತೆಂಗಿನಕಾಯಿ ಅರೆದು, ಮಟ್ಟುಗುಳ್ಳ ಬದನೆ ಹಾಕಿ. ಕಾಳು ಸ್ವಲ್ಪ ಗಟ್ಟಿ ಉಳಿದಿತ್ತು. ಮುಂದಿನ ಸಲ ಹಿಂದಿನ ರಾತ್ರಿಯೇ ನೆನೆಹಾಕಬೇಕು ಎಂದು ಅವರೇ ಕ್ಯಾಲೆಂಡರಿನ ಮೇಲೆ ಬರೆದಿಟ್ಟರು. ಅದರ ಕೆಳಗೆ ಮುಂದಿನ ಇಂಜೆಕ್ಷನ್ನಿನ ತಾರೀಕು ಇದೆ. ಆ ದಿನ ಬೆಳಗ್ಗೆ ಏಳರ ಎಕ್ಸ್‌ಪ್ರೆಸ್ ಬಸ್ಸಿಗೆ ನಾನು ಹೊರಡಬೇಕು.